ಯಾವ ಬೆರಳು, ಯಾವ ಹೊತ್ತು: ಕೀಲಿಮಣೆ ಕೆಲಸದವರ ಕೈನೋವಿನ ಮೂಲ ಹುಡುಕುವ ಬಗೆ

ಹತ್ತೊಂಬತ್ತು ವರ್ಷಗಳಿಂದ ನಾನು ಕನ್ನಡ ಪುಸ್ತಕಗಳ ಅಕ್ಷರ ಜೋಡಣೆ ಮಾಡುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ದೀಪಾವಳಿ ವಿಶೇಷಾಂಕಗಳ ಕೆಲಸ ಮೈಮೇಲೆ ಬಿದ್ದಿದ್ದ ದಿನಗಳಲ್ಲಿ, ಎಡಗೈಯ ಮಣಿಕಟ್ಟು ನೋಯಲು ಶುರುವಾಯಿತು. ‘ಕಾರ್ಪಲ್ ಟನಲ್ ಇರಬೇಕು, ಕಂಪ್ಯೂಟರ್ ಕೆಲಸದವರಿಗೆಲ್ಲ ಬರುವುದು ಅದೇ’ ಎಂದರು ಪರಿಚಿತರೊಬ್ಬರು. ಔಷಧಿ ಅಂಗಡಿಯಲ್ಲಿ ಮಣಿಕಟ್ಟಿನ ಪಟ್ಟಿ ಕೊಂಡು ಎರಡು ತಿಂಗಳು ಕಟ್ಟಿಕೊಂಡೆ. ನೋವು ಇಳಿಯಲಿಲ್ಲ, ಮೊಣಕೈಯವರೆಗೆ ಏರಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆ. ನನ್ನ ಕೈ ಮುಟ್ಟುವ ಮೊದಲೇ ಅವರು ಕೇಳಿದ್ದು ‘ಯಾವ ಬೆರಳು?’ ಎಂದು. ಕಿರುಬೆರಳಿನ ಕಡೆ ಎಂದೆ. ‘ಹಾಗಾದರೆ ಈ ಪಟ್ಟಿ ಬಿಚ್ಚಿ, ಇದು ಬೇರೆ’ ಎಂದರು.

ಕೈನೋವು ಎಂಬ ಒಂದೇ ಹೆಸರಿನಡಿ ಐದಾರು ಬೇರೆ ಬೇರೆ ದೋಷಗಳಿರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ದುಬಾರಿ ಕುರ್ಚಿ, ಹೊಸ ಕೀಲಿಮಣೆ, ಬೆಲ್ಟು ಇವುಗಳನ್ನು ಕೊಳ್ಳುವ ಮೊದಲು ದೋಷ ಎಲ್ಲಿದೆ ಎಂದು ಪತ್ತೆ ಮಾಡಿಕೊಳ್ಳಿ. ಅದಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಅಳತೆ ಟೇಪು ಸಾಕು.

ಮೊದಲು ಬೆರಳು ಗುರುತಿಸಿ

ಹಾಳೆಯ ಮೇಲೆ ನೋಯುವ ಕೈಯನ್ನಿಟ್ಟು ಸುತ್ತ ಗೆರೆ ಎಳೆಯಿರಿ. ನೋವಿರುವ ಜಾಗಕ್ಕೆ ಗೀಟು ಹಾಕಿ, ಜೋಮು ಹಿಡಿಯುವ ಜಾಗಕ್ಕೆ ಚುಕ್ಕಿ ಇಡಿ. ನೋವು ಮತ್ತು ಜೋಮನ್ನು ಬೇರೆ ಮಾಡುವುದು ಮುಖ್ಯ. ಒಂದು ನಿರ್ದಿಷ್ಟ ಜಾಗ ಒತ್ತಿದರೆ ನೋಯುತ್ತದೆ, ಒಂದು ನಿರ್ದಿಷ್ಟ ಚಲನೆಗೆ ನೋಯುತ್ತದೆ ಎಂದಾದರೆ ತೊಂದರೆ ಬಹುಮಟ್ಟಿಗೆ ಸ್ನಾಯುವಿನಲ್ಲಿ ಅಥವಾ ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನಲ್ಲಿ ಇರುತ್ತದೆ. ಇರುವೆ ಹರಿದಂತಾಗುವುದು, ಮರಗಟ್ಟುವುದು, ಮಿಂಚು ಹೊಡೆದಂತಾಗುವುದು ನರದ ಲಕ್ಷಣಗಳು.

ಚುಕ್ಕಿಗಳು ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಅರ್ಧ ಭಾಗದಲ್ಲಿ ಬಿದ್ದು ಕಿರುಬೆರಳು ಸುಮ್ಮನಿದ್ದರೆ, ಆಗ ಕಾರ್ಪಲ್ ಟನಲ್ ಎಂದು ಶಂಕಿಸಬಹುದು. ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ಸುರಂಗದಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆಗೆ ಮೀಡಿಯನ್ ನರವೂ ಹಾದುಹೋಗುತ್ತದೆ. ಅಲ್ಲಿ ಊತ ಬಂದರೆ ನಲುಗುವುದು ನರ. ಪರೀಕ್ಷೆ ಸರಳ: ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ಕೆಳಮುಖ ಮಾಡಿ, ಎದೆಯ ಮುಂದೆ ಒಂದು ನಿಮಿಷ ಹಿಡಿಯಿರಿ. ಇದಕ್ಕೆ ಫೇಲನ್ ಪರೀಕ್ಷೆ ಎನ್ನುತ್ತಾರೆ. ಆ ಮೂರೂವರೆ ಬೆರಳುಗಳಲ್ಲೇ ಜೋಮು ಏರಿದರೆ ಶಂಕೆ ಗಟ್ಟಿಯಾಗುತ್ತದೆ.

ಚುಕ್ಕಿಗಳು ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧದಲ್ಲಿದ್ದರೆ ಅದು ಅಲ್ನಾರ್ ನರ. ಗೋಡೆಗೆ ಮೊಣಕೈ ತಾಗಿದಾಗ ಝುಂ ಎನ್ನುತ್ತದಲ್ಲ, ಅದೇ ನರ. ಮೊಣಕೈಯನ್ನು ಪೂರ್ತಿ ಮಡಚಿ ಒಂದು ನಿಮಿಷ ಹಾಗೆಯೇ ಇರಿ. ಆ ಬೆರಳುಗಳಲ್ಲಿ ಜೋಮು ಬಂದರೆ ಮೂಲ ಮೊಣಕೈಯಲ್ಲಿರುವ ಸಾಧ್ಯತೆ ಹೆಚ್ಚು. ಮೇಜಿನ ಅಂಚಿಗೆ ಮೊಣಕೈ ಊರಿ ಕೂರುವವರು, ಕೈ ಮಡಚಿ ಗಂಟೆಗಟ್ಟಲೆ ಫೋನಿನಲ್ಲಿ ಮಾತನಾಡುವವರು, ಕೈಯನ್ನು ತಲೆಯಡಿ ಇಟ್ಟು ಮಲಗುವವರು ಮೊದಲು ಆ ಅಭ್ಯಾಸ ಬಿಟ್ಟು ನೋಡಲಿ.

ಗೀಟು ಹೆಬ್ಬೆರಳಿನ ಬುಡದಲ್ಲಿದೆಯೇ? ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿ. ಸ್ವಲ್ಪ ಸೆಳೆತ ಎಲ್ಲರಿಗೂ ಆಗುತ್ತದೆ, ಆದ್ದರಿಂದ ಇನ್ನೊಂದು ಕೈಯಲ್ಲೂ ಮಾಡಿ ಹೋಲಿಸಿ. ನೋಯುವ ಕೈಯಲ್ಲಿ ಚುಳ್ ಎಂದರೆ ಅದು ಡಿ ಕೆರ್ವೇನ್ ಎಂಬ, ಹೆಬ್ಬೆರಳಿನ ಸ್ನಾಯುರಜ್ಜುಗಳ ತೊಂದರೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವೇನ್ 1895ರಲ್ಲಿ ವಿವರಿಸಿದ್ದು ಇದನ್ನೇ. ಇದಕ್ಕೆ ಮೇಜಿನ ಮೇಲಿನ ಕಂಪ್ಯೂಟರನ್ನು ದೂರುವ ಮೊದಲು ಕೈಯಲ್ಲಿರುವ ಮೊಬೈಲನ್ನು ನೋಡಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲೇ ಸಂದೇಶ ಒತ್ತುವುದನ್ನು ಎರಡು ವಾರ ನಿಲ್ಲಿಸಿದರೆ ಉತ್ತರ ಸಿಗುತ್ತದೆ. ಮನೆಯಲ್ಲಿ ಎತ್ತಿಕೊಳ್ಳುವ ಮಗು ಇದ್ದರೆ ಅದೂ ಕಾರಣವಾಗಬಹುದು.

ಮೊಣಕೈಯ ಹೊರಮೂಳೆಯ ಬಳಿ ನೋವಿದ್ದು, ನೀರು ತುಂಬಿದ ಚೊಂಬು ಎತ್ತುವಾಗ, ಬಟ್ಟೆ ಹಿಂಡುವಾಗ ಹೆಚ್ಚಾದರೆ ಅದು ಟೆನಿಸ್ ಎಲ್ಬೋ. ಟೆನಿಸ್ ಆಡದ ನಮ್ಮವರಿಗೆ ಅದು ಮೌಸ್ ಹಿಡಿದೇ ಬರುತ್ತದೆ. ಇನ್ನು, ಕತ್ತನ್ನು ಹಿಂದಕ್ಕೂ ನೋವಿರುವ ಪಕ್ಕಕ್ಕೂ ಮೆಲ್ಲಗೆ ಬಾಗಿಸಿದಾಗ ನೋವು ತೋಳಿಗೆ ಇಳಿದರೆ ಮೂಲ ಕತ್ತಿನಲ್ಲಿದೆ. ಅಂಥವರು ಮಣಿಕಟ್ಟಿಗೆ ಎಷ್ಟು ಎಣ್ಣೆ ತಿಕ್ಕಿದರೂ ಫಲವಿಲ್ಲ. ಕತ್ತಿನ ಪರೀಕ್ಷೆಯನ್ನು ಯಾರಿಂದಲೂ ಒತ್ತಿಸಿ ಮಾಡಿಸಿಕೊಳ್ಳಬೇಡಿ.

ಯಾವ ಹೊತ್ತಿಗೆ ಹೆಚ್ಚು?

ಅದೇ ಹಾಳೆಯ ಕೆಳಗೆ ಒಂದು ವಾರ ಹೊತ್ತು ಬರೆಯಿರಿ. ಎಷ್ಟು ಗಂಟೆಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದೆ, ರಜೆಯ ದಿನ ಹೇಗಿತ್ತು, ಇಷ್ಟು ಸಾಕು.

ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸರಿಹೋಗುತ್ತದೆ ಎನ್ನುವುದು ಕಾರ್ಪಲ್ ಟನಲ್‌ನ ಹಳೆಯ ಗುರುತು. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದ ಹಾಗಾಗುತ್ತದೆ. ಮಣಿಕಟ್ಟನ್ನು ನೇರವಾಗಿ ಹಿಡಿಯುವ ಪಟ್ಟಿ ಅವರಿಗೆ ನಿಜಕ್ಕೂ ಒದಗುತ್ತದೆ, ಅದೂ ರಾತ್ರಿ. ಆದರೆ ಒಂದು ಮಾತು: ಕೀಲಿಮಣೆಯಿಂದಲೇ ಕಾರ್ಪಲ್ ಟನಲ್ ಬರುತ್ತದೆ ಎಂಬುದಕ್ಕೆ ಜನ ನಂಬಿರುವಷ್ಟು ಗಟ್ಟಿ ಆಧಾರವಿಲ್ಲ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಬಸಿರು, ಸಂಧಿವಾತ ಇವೂ ಅದನ್ನು ತರುತ್ತವೆ. ನಮ್ಮಲ್ಲಿ ಪ್ರೂಫ್ ನೋಡುತ್ತಿದ್ದ ಹಿರಿಯರೊಬ್ಬರು ಎರಡೂ ಕೈಗಳ ರಾತ್ರಿ ಜೋಮಿಗೆ ಮೌಸ್ ಬದಲಿಸಿದರು, ಕುರ್ಚಿ ಬದಲಿಸಿದರು, ಕೆಲಸ ಕಡಿಮೆ ಮಾಡಿದರು. ರಕ್ತಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಥೈರಾಯ್ಡ್ ಕೊರತೆ. ಮಾತ್ರೆ ಶುರುವಾದ ಮೇಲೆ ಜೋಮು ಮೆಲ್ಲಮೆಲ್ಲನೆ ಇಳಿಯಿತು. ಎರಡೂ ಕೈಗಳಲ್ಲಿ ಒಟ್ಟಿಗೆ ಜೋಮು ಬಂದರೆ ಥೈರಾಯ್ಡ್, ಸಕ್ಕರೆ ಈ ಎರಡು ರಕ್ತಪರೀಕ್ಷೆಗಳನ್ನು ಮುಂದೂಡಬೇಡಿ.

ಬೆಳಿಗ್ಗೆ ಏನೂ ಇಲ್ಲ, ಕೂತ ಒಂದೆರಡು ಗಂಟೆಗೆ ಶುರು, ಭಾನುವಾರ ಬಿಡುವು, ಸೋಮವಾರ ಮತ್ತೆ ಎಂದಾದರೆ ದೋಷ ಕೂರುವ ಜಾಗದಲ್ಲಿದೆ. ಭಾನುವಾರವೇ ಹೆಚ್ಚಾದರೆ ಕಚೇರಿಯನ್ನು ಬಿಟ್ಟು ಮನೆಯಲ್ಲಿ ಹುಡುಕಿ.

ಕಿರುಬೆರಳಿನ ಕಡೆಯ ನೋವು: ಶಿಫ್ಟ್ ಕೀಲಿ

ಇದು ನನ್ನದೇ ದೋಷವಾಗಿತ್ತು. ಕನ್ನಡ ಒತ್ತುವವರಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೂ ಇದನ್ನೇ. ಇಂಗ್ಲಿಷಿನವರಿಗಾಗಿ ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆ.ಪಿ. ರಾವ್ ಅವರು ರೂಪಿಸಿದ, ಈಗ ಕಗಪ ಎಂದು ಕರೆಯುವ ವಿನ್ಯಾಸದಲ್ಲಿ ನಾವು ಬಹಳ ಮಂದಿ ಒತ್ತುತ್ತೇವೆ. ಅದು ಕಲಿಯಲು ಸುಲಭ, ನೆನಪಿಡಲು ಸುಲಭ. ಅದರಲ್ಲಿ ದೀರ್ಘಸ್ವರ, ಮಹಾಪ್ರಾಣ, ಣಕಾರ, ಳಕಾರ, ಶಕಾರ, ಅನುಸ್ವಾರ ಎಲ್ಲಕ್ಕೂ ಶಿಫ್ಟ್ ಬೇಕು. ‘ನಾಳೆ ಊರಿಗೆ ಹೋಗೋಣ’ ಎಂದು ಒತ್ತಿ ನೋಡಿ. ನಡುವಿನ ತೆರಪು ಬಿಟ್ಟು ಹದಿನಾಲ್ಕು ಕೀಲಿಗಳು. ಅದರಲ್ಲಿ ಆಕಾರ, ಳ, ಊ, ಎರಡು ಓಕಾರ, ಣ ಸೇರಿ ಆರಕ್ಕೆ ಶಿಫ್ಟ್ ಒತ್ತಬೇಕು. ಇಂಗ್ಲಿಷಿನಲ್ಲಿ ಒಂದು ವಾಕ್ಯಕ್ಕೆ ಒಂದೋ ಎರಡೋ ಸಲ ಬರುವ ಶಿಫ್ಟ್ ನಮಗೆ ಮೂರು ಪದಕ್ಕೆ ಆರು ಸಲ ಬರುತ್ತದೆ.

ಇನ್ನೂ ಒಂದಿದೆ. ಟೈಪಿಂಗ್ ಶಾಲೆಯ ನಿಯಮದಂತೆ ಬಲಗೈ ಅಕ್ಷರಕ್ಕೆ ಎಡ ಶಿಫ್ಟ್, ಎಡಗೈ ಅಕ್ಷರಕ್ಕೆ ಬಲ ಶಿಫ್ಟ್. ಈ ಆರರಲ್ಲಿ ಆಕಾರವೊಂದು ಎಡಗೈಯದು, ಉಳಿದ ಐದೂ ಬಲಗೈಯವು. ಅಂದರೆ ನಿಯಮ ತಪ್ಪದೆ ಒತ್ತಿದರೂ ಆರರಲ್ಲಿ ಐದು ಸಲ ದುಡಿಯುವುದು ಎಡಗೈಯ ಕಿರುಬೆರಳು. ನಿಯಮ ಕಲಿಯದವರು ಆಕಾರಕ್ಕೂ ಎಡ ಶಿಫ್ಟನ್ನೇ ಹಿಡಿದು ಅದೇ ಕೈಯನ್ನು ತಿರುಚುತ್ತಾರೆ. ಕನ್ನಡದಲ್ಲಿ ಆಕಾರವಿಲ್ಲದ ಸಾಲು ಎಷ್ಟಿದ್ದೀತು? ಕೈಯ ಅತ್ಯಂತ ಚಿಕ್ಕ ಬೆರಳು ದಿನಕ್ಕೆ ಸಾವಿರಾರು ಸಲ ಕೆಳಕ್ಕೆ ಚಾಚುತ್ತದೆ, ಜೊತೆಗೆ ಮಣಿಕಟ್ಟು ಪ್ರತಿ ಸಲ ಹೊರಕ್ಕೆ ಬಾಗುತ್ತದೆ.

ಖಚಿತ ಮಾಡಿಕೊಳ್ಳುವುದು ಹೀಗೆ. ಮೊಬೈಲನ್ನು ಮೇಜಿನ ಮೇಲೆ ಒರಗಿಸಿ, ನಿಮ್ಮ ಕೈಗಳು ಕಾಣುವಂತೆ ಹತ್ತು ನಿಮಿಷ ವಿಡಿಯೊ ತೆಗೆಯಿರಿ. ಮೊದಲ ಎರಡು ನಿಮಿಷ ಕ್ಯಾಮೆರಾದ ಎಚ್ಚರದಲ್ಲಿ ಒತ್ತಿರುತ್ತೀರಿ, ಅದನ್ನು ಬಿಡಿ. ಉಳಿದದ್ದರಲ್ಲಿ ನೋಡಿ: ಶಿಫ್ಟ್ ಒತ್ತುವಾಗ ಮುಂಗೈ ಮತ್ತು ನಡುಬೆರಳು ಒಂದೇ ಗೆರೆಯಲ್ಲಿವೆಯೇ, ಅಥವಾ ಮಣಿಕಟ್ಟಿನಲ್ಲಿ ಮುರಿದಂತೆ ಕೋನ ಕಾಣುತ್ತಿದೆಯೇ? ಮಣಿಕಟ್ಟಿನ ಹೊರಗಂಟಿನ ಪಕ್ಕ ಒತ್ತಿದರೆ ನೋವು, ಜೋಮು ಇಲ್ಲ, ವಿಡಿಯೊದಲ್ಲಿ ಕೋನ ಇದೆ. ಈ ಮೂರೂ ಕೂಡಿದರೆ ಮೂಲ ಸಿಕ್ಕಿತು.

ಸರಿಪಡಿಸಲು ನನಗೆ ಒದಗಿದ್ದು ಮೂರು. ಬೆರಳು ಚಾಚುವ ಬದಲು ಇಡೀ ಕೈಯನ್ನು ಶಿಫ್ಟ್ ಕಡೆಗೆ ಒಯ್ಯುವುದು, ಅಂದರೆ ಚಲನೆ ಭುಜದಿಂದ ಬರಬೇಕು, ಮಣಿಕಟ್ಟು ನೇರವಾಗಿಯೇ ಇರಬೇಕು. ಮಣಿಕಟ್ಟನ್ನು ಮೇಜಿಗೆ ಊರಿ ಒತ್ತುವವರಿಗೆ ಇದು ಸಾಧ್ಯವೇ ಇಲ್ಲ, ಊರುವುದನ್ನು ಮೊದಲು ಬಿಡಬೇಕು. ಎರಡನೆಯದು, ಆಕಾರಕ್ಕೆ ಬಲ ಶಿಫ್ಟ್ ಬಳಸಲು ಕಲಿಯುವುದು. ಮೂರು ವಾರ ವೇಗ ಕುಸಿಯಿತು, ಆಮೇಲೆ ಮರಳಿತು. ಮೂರನೆಯದು ಸ್ಟಿಕಿ ಕೀಸ್. ವಿಂಡೋಸಿನಲ್ಲಿ ಶಿಫ್ಟ್ ಕೀಲಿಯನ್ನು ಸತತ ಐದು ಸಲ ಒತ್ತಿದರೆ ಒಂದು ಚೌಕ ಬಂದು ಕೇಳುತ್ತದೆ. ನಾವೆಲ್ಲ ಗಾಬರಿಯಿಂದ ಮುಚ್ಚುವ ಚೌಕ ಅದೇ. ಅದನ್ನು ಒಪ್ಪಿಕೊಂಡರೆ ಶಿಫ್ಟ್ ಹಿಡಿದಿರಬೇಕಾಗಿಲ್ಲ: ಒಮ್ಮೆ ಒತ್ತಿ ಬಿಡಿ, ಆಮೇಲೆ ಅಕ್ಷರ ಒತ್ತಿ. ಬೆರಳು ಚಾಚಿಕೊಂಡೇ ಇರುವ ಕ್ಷಣ ಇಲ್ಲವಾಗುತ್ತದೆ. ನೀವು ಬಳಸುವ ಕನ್ನಡ ತಂತ್ರಾಂಶದೊಂದಿಗೆ ಮೊದಲು ನಾಲ್ಕು ಸಾಲು ಒತ್ತಿ ನೋಡಿ.

ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದಲ್ಲಿ ದೀರ್ಘಸ್ವರದ ಗುಣಿತ ಚಿಹ್ನೆಗಳಿಗೆ ಶಿಫ್ಟ್ ಬೇಡ. ಮೇಲಿನ ಅದೇ ಸಾಲಿಗೆ ಅಲ್ಲಿ ಮೂರೇ ಶಿಫ್ಟ್: ಳ, ಊ, ಣ. ಹತ್ತಾರು ವರ್ಷ ಕಗಪದಲ್ಲಿ ಒತ್ತಿದವರು ಬದಲಿಸುವುದು ಕಷ್ಟ, ನಾನೂ ಬದಲಿಸಲಿಲ್ಲ. ಹೊಸದಾಗಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಮಾತ್ರ ಇದನ್ನು ಹೇಳದೆ ಬಿಡುವುದಿಲ್ಲ. ಮೊದಲ ಕರಡನ್ನು ಮಾತಿನಲ್ಲೇ ಹೇಳಿ ಬರೆಸುವುದೂ ಈಗ ಸಾಧ್ಯ. ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಕನ್ನಡವನ್ನು ಗುರುತಿಸುತ್ತದೆ. ತಿದ್ದುವ ಕೆಲಸ ಉಳಿಯುತ್ತದೆ, ಆದರೆ ಹಸ್ತಪ್ರತಿಯ ಅರ್ಧ ಭಾರ ಬೆರಳಿನಿಂದ ಇಳಿಯುತ್ತದೆ.

ಮೇಜಿನ ಎತ್ತರ ಅಳೆಯಿರಿ

ಹೆಗಲು ಬಿಗಿತ, ಕತ್ತುನೋವು, ಮುಂಗೈ ಸೆಳೆತ ಒಟ್ಟಿಗೆ ಬಂದರೆ ಅಳತೆ ಟೇಪು ತೆಗೆಯಿರಿ. ಪಾದಗಳನ್ನು ನೆಲಕ್ಕೆ ಊರಿ ಕೂತು, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೊಣಕೈಯನ್ನು ಲಂಬವಾಗಿ ಮಡಚಿ. ನೆಲದಿಂದ ಮೊಣಕೈಯ ಕೆಳಬದಿಗೆ ಎಷ್ಟಿದೆ? ನನ್ನ ಎತ್ತರ 157 ಸೆಂ.ಮೀ., ನನಗೆ ಬಂದ ಅಳತೆ 63. ನನ್ನ ಮೇಜು 75 ಸೆಂ.ಮೀ. ಇತ್ತು. ಅಂಗಡಿಯಲ್ಲಿ ಸಿಗುವ ಮೇಜುಗಳು ಬಹುಪಾಲು ಆಸುಪಾಸು ಅಷ್ಟೇ ಇರುತ್ತವೆ. ಆ ಹನ್ನೆರಡು ಸೆಂ.ಮೀ. ವ್ಯತ್ಯಾಸವನ್ನು ದಿನವಿಡೀ ಹೆಗಲು ಎತ್ತಿ ತುಂಬಿಸುತ್ತಿದ್ದೆ.

ಮೇಜಿನ ಕಾಲು ಕುಯ್ಯಿಸಲು ಆಗದಿದ್ದರೆ ಕುರ್ಚಿ ಏರಿಸಿ. ಆಗ ಕಾಲು ತೂಗಾಡುತ್ತದೆ, ತೊಡೆಯ ಅಡಿಯಲ್ಲಿ ಒತ್ತುತ್ತದೆ. ಅದಕ್ಕೆ ಊಟದ ಮಣೆಗಳನ್ನು ಪಾದದಡಿ ಇಡಿ. ನನ್ನ ಕಾಲಡಿಯಲ್ಲಿ ಈಗಲೂ ಅಜ್ಜಿಯ ಕಾಲದ ಎರಡು ಹಲಸಿನ ಮಣೆಗಳಿವೆ. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ, ಅವು ಎದ್ದಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಯೂ ಒಂದಕ್ಕೊಂದು ಅಂಟಿರುವುದರಿಂದ ಕತ್ತಿಗೆ ಸರಿಮಾಡಿದರೆ ಕೈಗೆ ಕೆಡುತ್ತದೆ, ಕೈಗೆ ಸರಿಮಾಡಿದರೆ ಕತ್ತಿಗೆ. ಪುಸ್ತಕಗಳನ್ನು ಪೇರಿಸಿ ಪರದೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಲಿಮಣೆ ಜೋಡಿಸಿ. ಈ ಒಂದು ಖರ್ಚನ್ನು ಮಾತ್ರ ಯಾರೂ ಉಳಿಸಬೇಡಿ.

ಮೌಸ್ ಹಿಡಿದ ಕೈ

ಟೆನಿಸ್ ಎಲ್ಬೋ ಗುರುತು ಸಿಕ್ಕಿದವರು ಮೌಸ್ ಎಷ್ಟು ದೂರದಲ್ಲಿದೆ ಎಂದು ನೋಡಲಿ. ಅಂಕಿ ಕೀಲಿಗಳ ಆಚೆ ಇದ್ದರೆ ತೋಳು ಇಡೀ ದಿನ ಹೊರಕ್ಕೆ ಚಾಚಿಕೊಂಡಿರುತ್ತದೆ. ಅಂಕಿ ಕೀಲಿಗಳಿಲ್ಲದ ಗಿಡ್ಡ ಕೀಲಿಮಣೆ ಬಳಸಿ, ಇಲ್ಲವೇ ಮೌಸನ್ನು ಎಡಗೈಗೆ ಕೊಡಿ. ಬಾಣದ ವೇಗವನ್ನು ಹೆಚ್ಚಿಸಿದರೆ ಕೈ ಓಡಾಟ ತಗ್ಗುತ್ತದೆ. ಒತ್ತದೆ ಇರುವಾಗಲೂ ತೋರುಬೆರಳನ್ನು ಗುಂಡಿಯ ಮೇಲೆ ಎತ್ತಿ ಹಿಡಿದಿರುವ ಅಭ್ಯಾಸ ಪುಟ ವಿನ್ಯಾಸ ಮಾಡುವವರಲ್ಲಿ ಬಹಳ. ಮೊಣಕೈಯ ಹೊರಬದಿಗೆ ಬಿಡುವಿಲ್ಲದೆ ಕೆಲಸ ಕೊಡುವುದು ಅದೇ. ಓದುವಾಗ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಡಿ.

ಕೀಲಿಮಣೆಯಿಂದ ಎದ್ದ ಮೇಲಿನ ಗಂಟೆಗಳು

ಎಲ್ಲ ಸರಿಮಾಡಿದರೂ ನೋವು ಇಳಿಯದಿದ್ದರೆ ಹುಡುಕಾಟ ಇಲ್ಲಿಗೆ ಬರಬೇಕು. ನಮ್ಮ ಪುರುಷ ಸಹೋದ್ಯೋಗಿಗಳಲ್ಲಿ ಎಡಗೈ ನೋವಿಗೆ ಬೈಕಿನ ಕ್ಲಚ್ ಕಾರಣವಾದದ್ದನ್ನು ಕಂಡಿದ್ದೇನೆ. ಬೆಂಗಳೂರಿನ ಸಂಚಾರದಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಬಿಗಿ ಕ್ಲಚ್ಚನ್ನು ಹಿಂಡುವ ಬೆರಳುಗಳಿಗೆ ಕೀಲಿಮಣೆ ವಿಶ್ರಾಂತಿಯಂತೆ ಕಂಡೀತು. ಮೆಕ್ಯಾನಿಕ್ ಹತ್ತಿರ ಕ್ಲಚ್ ತಂತಿಗೆ ಎಣ್ಣೆ ಬಿಡಿಸಿ ಸಡಿಲ ಮಾಡಿಸಿದರೆ ಅರ್ಧ ನೋವು ಹೋದ ಉದಾಹರಣೆ ನನ್ನ ಕಣ್ಣೆದುರಿಗಿದೆ.

ಹೆಂಗಸರ ವಿಷಯದಲ್ಲಿ ವೈದ್ಯರೂ ಕೇಳುವುದನ್ನು ಮರೆಯುತ್ತಾರೆ. ಎಂಟು ಗಂಟೆ ಒತ್ತಿದ ಕೈಯೇ ಮನೆಗೆ ಬಂದು ಮುದ್ದೆ ತೊಳಸುತ್ತದೆ, ಚಪಾತಿ ಹಿಟ್ಟು ನಾದುತ್ತದೆ, ತುರಿಮಣೆಯಲ್ಲಿ ಕಾಯಿ ತುರಿಯುತ್ತದೆ, ನೆನೆದ ಬೆಡ್‌ಶೀಟ್ ಹಿಂಡುತ್ತದೆ. ಹಿಂಡುವುದು, ತಿರುಚುವುದು, ಗಟ್ಟಿಯಾಗಿ ಹಿಡಿಯುವುದು ಉರಿಯುತ್ತಿರುವ ಸ್ನಾಯುರಜ್ಜುವಿಗೆ ಟೈಪಿಂಗಿಗಿಂತ ಹೆಚ್ಚು ಕೆಡುಕು. ಇಂಥ ಕೈ ಇರುವ ಮನೆಯಲ್ಲಿ ಆರು ವಾರ ಬೇರೆ ಯಾರಾದರೂ ಹಿಟ್ಟು ನಾದಬೇಕು, ಬಟ್ಟೆ ಹಿಂಡಬೇಕು. ಇದನ್ನು ಔಷಧದಷ್ಟೇ ಮುಖ್ಯ ಎಂದು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಹೇಳದೆ ಸಹಿಸಿದವರ ನೋವು ವರ್ಷಗಟ್ಟಲೆ ಎಳೆದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜೀನಿ 1713ರಲ್ಲೇ ಲಿಪಿಕಾರರ ಕೈನೋವಿಗೆ ಮೂರು ಕಾರಣ ಬರೆದಿದ್ದರು: ಕೂತೇ ಇರುವುದು, ಕೈಯ ಒಂದೇ ಬಗೆಯ ನಿಲ್ಲದ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಒತ್ತಡ. ಮೂರನೆಯದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುದ್ರಣಕ್ಕೆ ಹೋಗುವ ಹಿಂದಿನ ದಿನ ಕೀಲಿಯನ್ನು ಎಷ್ಟು ಗಟ್ಟಿಯಾಗಿ ಕುಟ್ಟುತ್ತೀರಿ ಎಂದು ಪಕ್ಕದವರನ್ನು ಕೇಳಿ. ಸದ್ದು ಕೇಳಿಯೇ ಅವರು ಹೇಳುತ್ತಾರೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಕುರ್ಚಿ, ಮೌಸ್, ವ್ಯಾಯಾಮ, ಮುಲಾಮು ಎಲ್ಲವನ್ನೂ ಒಂದೇ ದಿನ ಶುರುಮಾಡಿದರೆ ಯಾವುದು ಒದಗಿತು ಎಂದು ತಿಳಿಯುವುದಿಲ್ಲ. ಒಂದು ಬದಲಾವಣೆ, ಒಂದು ವಾರ, ಹಾಳೆಯಲ್ಲಿ ಗುರುತು. ಬಿಡುವು ಮಾತ್ರ ಮೊದಲ ದಿನದಿಂದಲೇ ಇರಲಿ: ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ಕೈ ಇಳಿಬಿಟ್ಟು ನಡೆಯಿರಿ. ಬಿಡುವಿನಲ್ಲಿ ಮೊಬೈಲ್ ಹಿಡಿದರೆ ಅದು ಬಿಡುವಲ್ಲ. ನೆನಪಾಗದವರಿಗೆ ವರ್ಕ್‌ರೇವ್ ಎಂಬ ಉಚಿತ ತಂತ್ರಾಂಶ ಹೊತ್ತಿಗೆ ಸರಿಯಾಗಿ ಎಚ್ಚರಿಸುತ್ತದೆ.

ನೋವಿನ ಮಾತ್ರೆ ನುಂಗಿ ಕೆಲಸ ಮುಂದುವರಿಸಬೇಡಿ, ಎಚ್ಚರಿಸುವ ಗಂಟೆಯನ್ನು ಬಾಯಿಮುಚ್ಚಿಸಿದಂತೆ ಆಗುತ್ತದೆ. ಊದಿದ ಸ್ನಾಯುರಜ್ಜುವನ್ನು ಗಟ್ಟಿಯಾಗಿ ತಿಕ್ಕಿಸಬೇಡಿ, ‘ನರ ಎಳೆಯುವ’ವರ ಕೈಗೆ ಕೊಡಬೇಡಿ. ಹಗಲಿಡೀ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡಿದರೆ ಮಣಿಕಟ್ಟಿನ ಕೆಲಸವನ್ನು ಮೊಣಕೈ, ಹೆಗಲು ಹೊತ್ತುಕೊಳ್ಳುತ್ತವೆ. ನನಗೆ ಆದದ್ದೂ ಅದೇ.

ಮನೆಯಲ್ಲಿ ಕೂರಬಾರದ ಲಕ್ಷಣಗಳು

ಜೋಮು ಬಂದು ಹೋಗುವುದು ನಿಂತು ಸದಾ ಇರತೊಡಗಿದರೆ, ಲೋಟ ಕೈಜಾರಿ ಬೀಳುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ಕೇಳದಿದ್ದರೆ, ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿ ಗುಳಿ ಬಿದ್ದರೆ, ಈ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೂಳೆ ವೈದ್ಯರ ಅಥವಾ ನರರೋಗ ತಜ್ಞರ ಬಳಿ ಹೋಗಿ. ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅಳೆಯುವ ಪರೀಕ್ಷೆ ಬರೆದುಕೊಡಬಹುದು, ಮಾಡಿಸಿ. ಕೈಯ ಜೊತೆಗೆ ಕಾಲಿನಲ್ಲೂ ಬಲ ಕುಂದಿದರೆ, ನಡೆಯುವಾಗ ತೂಗಾಡಿದಂತಾದರೆ, ಕೀಲು ಕೆಂಪಗೆ ಊದಿ ಜ್ವರ ಬಂದರೆ ತಡಮಾಡಬೇಡಿ. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಕೀಲಿಮಣೆಯ ನೋವೆಂದು ಕೂರುವ ಹೊತ್ತಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಆರು ವಾರದಲ್ಲಿ ಇಳಿಯದ ನೋವಿಗೂ ವೈದ್ಯರ ಬಳಿ ಹೋಗುವುದೇ ಸರಿ. ಹೋಗುವಾಗ ಕೈಯ ಚಿತ್ರವಿರುವ ಹಾಳೆ, ಹೊತ್ತಿನ ಪಟ್ಟಿ, ಹತ್ತು ನಿಮಿಷದ ವಿಡಿಯೊ ಜೊತೆಗಿರಲಿ. ‘ಕಂಪ್ಯೂಟರ್ ಕೆಲಸ, ಕೈನೋವು’ ಎಂದು ಶುರುಮಾಡಬೇಡಿ. ಹಾಳೆಯನ್ನು ಮುಂದಿಟ್ಟು ಬೆರಳು ತೋರಿಸಿ.